ಘಮ ಸಾಲದು

ಮೂರ್ತಿ ಅಂಕಲ್ ಫೋನಿನಲ್ಲಿ ಕೆಮ್ಮಿದ ಕೆಮ್ಮು ಡ್ಯಾರಿಲ್‌ನ ಕಿವಿಯಲ್ಲೇ ಕೂತುಬಿಟ್ಟಿತ್ತು. ಮೆಲ್ಬರ್ನಿನ ಡಾಕ್‌ಲ್ಯಾಂಡ್ಸಿನಲ್ಲಿ ತಾನು ಕೆಲಸ ಮಾಡುವ ಅಪಾರ್ಟ್‌ಮೆಂಟ್ ಕಟ್ಟಡದ ರಿಸೆಪ್ಷನ್ ಮೇಜಿನ ಹಿಂದೆ ಕೂತು, ಬಂದವರಿಗೆಲ್ಲ ಗುಡ್ ಮಾರ್ನಿಂಗ್ ಹೇಳುತ್ತ, ಅವರ ಪಾರ್ಸೆಲ್ಲುಗಳನ್ನು ಹುಡುಕಿ ಕೊಡುತ್ತ, ಅವನು ಆ ಕೆಮ್ಮನ್ನೇ ಮತ್ತೆ ಮತ್ತೆ ಕೇಳಿಸಿಕೊಳ್ಳುತ್ತಿದ್ದ. ಒಣ ಕೆಮ್ಮಲ್ಲ, ಕಫದ ಕೆಮ್ಮೂ ಅಲ್ಲ. ಏನನ್ನೋ ಆಳದಿಂದ ಎಳೆದು ತರಲು ಹೋಗಿ, ಆಗದೆ, ಅರ್ಧದಲ್ಲೇ ಕೈಬಿಟ್ಟಂಥ ಕೆಮ್ಮು. ಹೆದರಿದಾಗ ಹೆಚ್ಚು ನಗುವುದು ಡ್ಯಾರಿಲ್‌ನ ಹುಟ್ಟುಗುಣ. ಶಾಲೆಯಲ್ಲಿ ಬೆತ್ತದ ಮುಂದೆ ನಿಂತಾಗಲೂ ನಗು ಉಕ್ಕಿ, ಅದಕ್ಕಾಗಿಯೇ ಬೇರೆಯವರಿಗಿಂತ ಹೆಚ್ಚು ಏಟು ತಿಂದವನು. ಇವತ್ತೂ ಅವನ ಮುಖ ನೋಡಿ ಮೇಲಿನ ಮಹಡಿಯ ಮುದುಕಿಯೊಬ್ಬಳು, ಏನಪ್ಪ ಇಷ್ಟು ಖುಷಿ, ಲಾಟರಿ ಹೊಡೆಯಿತೇ ಎಂದು ಇಂಗ್ಲಿಷಿನಲ್ಲಿ ಕೇಳಿ, ನಾಯಿಯನ್ನು ಎಳೆದುಕೊಂಡು ಟ್ರಾಮ್ ಸ್ಟಾಪಿನತ್ತ ಹೋದಳು. ಅವಳ ಬೆನ್ನಿಗೂ ಅವನು ನಕ್ಕ.

ಫೋನು ಬಂದದ್ದು ಅವನು ಮನೆಯಲ್ಲಿ ಚಾ ಕುಡಿಯುತ್ತಿದ್ದಾಗ. "ಡ್ಯಾರಿಲ್, ನಾನು ಕಣಪ್ಪ. ಗಾಬರಿ ಆಗ್ಬೇಡ, ಆಸ್ಪತ್ರೆಗೆ ಹಾಕ್ಬಿಟ್ಟಿದಾರೆ. ಟಿಬಿ ಇರ್ಬೋದು ಅಂತ ಅನುಮಾನ. ಜನವರೀಲಿ ಮೈಸೂರಿಗೆ ಹೋಗಿದ್ನಲ್ಲ, ಅಲ್ಲೇ ಹತ್ಕೊಂಡಿರ್ಬೇಕು ಅಂತಾರೆ. ಒಬ್ಬನ್ನೇ ಒಂದು ರೂಮಲ್ಲಿ ಕೂರಿಸಿದಾರೆ, ಬರೋರೆಲ್ಲ ಮಾಸ್ಕ್ ಹಾಕ್ಕೊಂಡು ಬರ್ತಾರೆ. ನಾನೇನೋ ಮೈಲಿಗೆ ಆದೋನ ಥರ." ಇಷ್ಟು ಹೇಳುವಷ್ಟರಲ್ಲಿ ಎರಡು ಸಲ ಉಸಿರು ಕಟ್ಟಿ ನಿಂತಿತ್ತು. ಆಮೇಲೆ ದನಿ ತಗ್ಗಿಸಿ, "ಕೇಳಿಲ್ಲಿ. ಬಾಟ್ಲು ಖಾಲಿ ಆಗ್ತಾ ಬಂತು. ಇನ್ನೊಂದು ಬೇಕು. ಪೋಸ್ಟಲ್ಲಿ ಬೇಡ, ಮನೇಲಿ ಅನಸೂಯಾ ಕೈಗೆ ಸಿಗುತ್ತೆ. ನೀನೇ ಒಂದು ಸಲ ಬಂದು ನೋಡ್ಕೊಂಡು ಹೋಗೋ ಥರ ಬಂದ್ಬಿಡು. ಮತ್ತೆ ಈ ಸಲ ಸ್ವಲ್ಪ ಜಾಸ್ತಿ ಹಾಕಪ್ಪ. ಘಮ ಸಾಲ್ತಿಲ್ಲ," ಎಂದರು.

"ಅಂಕಲ್, ಆಸ್ಪತ್ರೆಯಲ್ಲೂ ಎಳಿತೀರಾ ನೀವು?"

"ಬಾತ್‌ರೂಮಲ್ಲಿ ಫ್ಯಾನ್ ಇದೆ ಕಣಯ್ಯ," ಎಂದು ಅವರು ನಗಲು ಹೋದರು. ನಗು ಕೆಮ್ಮಾಯಿತು, ಆ ಕೆಮ್ಮಿನಲ್ಲೇ ಫೋನು ಕಟ್ಟಾಯಿತು.

ಬಾಟಲಿ ಈಗ ಡ್ಯಾರಿಲ್‌ನ ಜಾಕೆಟ್ಟಿನ ಒಳಜೇಬಿನಲ್ಲಿತ್ತು. ಫೋನು ಇಟ್ಟ ಕೂಡಲೇ, ತಲೆ ಏನನ್ನೂ ಯೋಚಿಸುವ ಮೊದಲೇ, ಕೈ ಹೋಗಿ ಅಡುಗೆಮನೆಯ ಕಪಾಟಿನಲ್ಲಿ ಅಕ್ಕಿ ಡಬ್ಬದ ಹಿಂದೆ ಮೊದಲೇ ಬೆರೆಸಿಟ್ಟಿದ್ದ ಅದನ್ನು ತೆಗೆದುಕೊಂಡಿತ್ತು. ಮೂರ್ತಿ ಅಂಕಲ್ ಏನಾದರೂ ಕೇಳಿದರೆ ಇಲ್ಲವೆನ್ನುವ ಅಭ್ಯಾಸವೇ ಅವನಿಗಿರಲಿಲ್ಲ. ಅಡುಗೆ ಕಲಿಯುವ ಕೋರ್ಸಿಗೆಂದು ಮಂಗಳೂರಿನಿಂದ ಸಿಡ್ನಿಗೆ ಬಂದಿಳಿದ ವಾರ, ಏಜೆಂಟು ಹೇಳಿದ ರೂಮು ಬೇರೆ ಯಾರಿಗೋ ಹೋಗಿ, ವೆಸ್ಟ್‌ಮೀಡ್ ಸ್ಟೇಶನ್ನಿನ ಹೊರಗೆ ಸೂಟ್‌ಕೇಸನ್ನು ಕಾಲ ನಡುವೆ ಇಟ್ಟುಕೊಂಡು ಅವನು ಊರಿನ ಗೆಳೆಯನೊಬ್ಬನಿಗೆ ಫೋನಿನಲ್ಲಿ ಸುಳ್ಳು ಹೇಳುತ್ತಿದ್ದ. ಎಲ್ಲ ಚೆನ್ನಾಗುಂಟು ಮಾರಾಯ, ಎಂಥ ಚಂದದ ಊರು ಎಂದು. ಪಕ್ಕದಲ್ಲಿ ಸಿಗರೇಟು ಸೇದುತ್ತ ನಿಂತಿದ್ದ ದೊಡ್ಡ ಹೊಟ್ಟೆಯ ಮನುಷ್ಯರೊಬ್ಬರು, ಕೊನೆಯ ದಮ್ಮು ಎಳೆದು, ಮಂಗಳೂರಾ, ಬಾ ಮನೆಗೆ, ಊಟ ಮಾಡುವಂತೆ ಅಂದಿದ್ದರು. ನಾರ್ವೆಸ್ಟಿನ ಒಂದು ಫೈನಾನ್ಸ್ ಆಫೀಸಿನಲ್ಲಿ ಅವರಿಗೆ ಕೆಲಸ, ಅವರೇ ಮೂರ್ತಿ ಅಂಕಲ್. ಊಟಕ್ಕೆಂದು ಹೋದವನು ಚಳಿಗಾಲ ಮುಗಿಯುವ ತನಕ ಅವರ ಬಾಲ್ಕನಿಗೆ ಹೊಂದಿದ ಸಣ್ಣ ಕೋಣೆಯಲ್ಲೇ ಉಳಿದ. ಅವರ ಹೆಂಡತಿ ಅನಸೂಯಾ ಆಂಟಿ ಸಾರು ಅನ್ನ ಬಡಿಸುತ್ತ, ಮೀನು ಮಾತ್ರ ಒಳಗೆ ತರಬೇಡಪ್ಪ ಎಂದು ಒಂದೇ ಒಂದು ಷರತ್ತು ಹಾಕಿದ್ದರು. ಅವನಿಗೊಂದು ತಟ್ಟೆ, ಒಂದು ಲೋಟ ಬೇರೆ ಇರುತ್ತಿದ್ದವು. ಅದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಅವನೂ ಗಮನಿಸಿದಂತೆ ತೋರಿಸಿಕೊಂಡಿರಲಿಲ್ಲ. ಒಂದು ದಿನ ಮರೆತು ಅಂಕಲ್‌ನ ಲೋಟದಲ್ಲಿ ನೀರು ಕುಡಿದುಬಿಟ್ಟಾಗ ಆಂಟಿ ಆ ಲೋಟವನ್ನು ಎರಡು ಸಲ ತೊಳೆದದ್ದು ಮಾತ್ರ ಅವನಿಗೆ ಕಂಡಿತ್ತು. ತನಗೆ ಸಿಟ್ಟು ಬರಬೇಕಿತ್ತು. ಬಂದದ್ದು ನಾಚಿಕೆ.

ಸಿಗರೇಟಿನ ಮೇಲೆ ಮನೆಯಲ್ಲಿ ಯುದ್ಧ ನಡೆದು ನಡೆದು, ಕೊನೆಗೊಂದು ಯುಗಾದಿಯ ದಿನ ಆಂಟಿ ಗಂಡನ ಬಲಗೈಯನ್ನು ಹಿಡಿದು ಮಗಳ ತಲೆಯ ಮೇಲೆ ಇಟ್ಟುಬಿಟ್ಟಿದ್ದರು. ಹಬ್ಬಕ್ಕೆಂದು ಮೆಲ್ಬರ್ನಿನಿಂದ ಬಂದಿದ್ದ ಡ್ಯಾರಿಲ್ ಅಲ್ಲೇ ಸೋಫಾದ ತುದಿಯಲ್ಲಿ ಕೂತಿದ್ದ. ನಿವೇದಿತಾ ಕಿವಿಯಿಂದ ಹೆಡ್‌ಫೋನ್ ತೆಗೆಯದೆ, "ಡ್ಯಾಡ್, ಯು ಆರ್ ಮೆಸ್ಸಿಂಗ್ ಮೈ ಹೇರ್," ಎಂದಳು. ಸಿಗರೇಟು ಮುಟ್ಟಲ್ಲ ಎಂದು ಅಂಕಲ್ ಹೇಳಿದರು. ಹೇಳುವಾಗ ಅವರ ಮುಖ ಬಿಳುಚಿತ್ತು. ಲೆಕ್ಕ, ಬಡ್ಡಿ, ಮಾರ್ಟ್‌ಗೇಜು ಎಂದು ದಿನವಿಡೀ ಮಾತಾಡುವ ಮನುಷ್ಯ ಆ ಆಣೆಯನ್ನು ನಿಜಕ್ಕೂ ನಂಬುತ್ತಾರೆಂದು ಡ್ಯಾರಿಲ್‌ಗೆ ಆಗ ಗೊತ್ತಾಯಿತು. ನಂಬುತ್ತಿದ್ದರಿಂದಲೇ ಅದರಲ್ಲಿ ಒಂದು ಸಂದು ಹುಡುಕಿದರು. ಒಂದು ತಿಂಗಳು ಹಲ್ಲು ಕಚ್ಚಿಕೊಂಡಿದ್ದು, ಆಮೇಲೆ ಫೋನು ಮಾಡಿ, "ಅಲ್ಲಯ್ಯ, ನೀನು ಅದೇನೋ ಆವಿ ಎಳೀತೀಯಲ್ಲ, ವೇಪು, ಅದು ಸಿಗರೇಟ್ ಅಲ್ಲ ತಾನೆ? ಬೆಂಕಿ ಇಲ್ಲ, ಹೊಗೆ ಇಲ್ಲ, ಹೊಗೆಸೊಪ್ಪೂ ಇಲ್ಲ," ಎಂದು ಕೇಳಿದರು. ಅಲ್ಲ ಅಂಕಲ್ ಎಂದು ಡ್ಯಾರಿಲ್ ಹೇಳಿದ. ಆ ಒಂದು ಮಾತಿಗಾಗಿಯೇ ಅವರು ಫೋನು ಮಾಡಿದ್ದರು.

ಡ್ಯಾರಿಲ್ ತಾನು ಎಳೆಯುವ ದ್ರವವನ್ನು ಮನೆಯಲ್ಲೇ ಬೆರೆಸಿಕೊಳ್ಳುತ್ತಿದ್ದ. ಗ್ಲಿಸರಿನ್, ಅದಕ್ಕೆ ಪರಿಮಳ, ಹೊರದೇಶದಿಂದ ತರಿಸಿದ ನಿಕೋಟಿನ್. ಇಲ್ಲಿ ನಿಕೋಟಿನ್ ಇಟ್ಟುಕೊಳ್ಳುವುದಕ್ಕೆ ಡಾಕ್ಟರ ಚೀಟಿ ಬೇಕು, ಇಲ್ಲದೆ ಇಟ್ಟುಕೊಂಡರೆ ತಪ್ಪು. ಅವನ ಹತ್ತಿರ ಚೀಟಿ ಇರಲಿಲ್ಲ. ಅವನ ಹೆಂಡತಿ ರೋಶೆಲ್ ವೃದ್ಧಾಶ್ರಮದ ಕೆಲಸಕ್ಕೆ ಹೊರಡುವಾಗೆಲ್ಲ ಆ ಕಪಾಟಿನ ಕಡೆ ಒಮ್ಮೆ ನೋಡಿ, ಪಿಆರ್ ಬರುವ ತನಕವಾದರೂ ಮನುಷ್ಯ ಸ್ವಲ್ಪ ಮರ್ಯಾದೆಯಿಂದ ಇರಬಾರದೇ ಎಂದು ಹೇಳಿ ಹೋಗುತ್ತಿದ್ದಳು. ಈ ದೇಶದಲ್ಲಿ ಕಾಯಂ ಆಗಿ ನೆಲೆಸುವ ಆ ಅನುಮತಿಗೆ ಅರ್ಜಿ ಹಾಕಿ ಆಗಿತ್ತು, ಪೊಲೀಸ್ ಚೆಕ್ ಆಗಿತ್ತು, ಈಗ ಕಾಯುವುದು. ಕಾಯುತ್ತಿರುವಾಗ ಕೆಂಪು ಸಿಗ್ನಲ್ಲಿನಲ್ಲಿ ರಸ್ತೆ ದಾಟುವುದಕ್ಕೂ ಅವನಿಗೆ ಹೆದರಿಕೆ. ಆದರೂ ಮೂರ್ತಿ ಅಂಕಲ್‌ಗೆಂದು ಬೆರೆಸಿದ. ಅವರಿಗೆ ಬೇಕಿದ್ದದ್ದು ಏಲಕ್ಕಿ. ಊಟ ಆದಮೇಲೆ ಏಲಕ್ಕಿ ಜಗಿಯುವುದು ಅವರ ಮನೆಯ ರೂಢಿ, ಬಾಯಿಂದ ಏಲಕ್ಕಿಯ ವಾಸನೆ ಬಂದರೆ ಆಂಟಿಗೆ ಅನುಮಾನ ಬರುವುದಿಲ್ಲ. ಇಷ್ಟು ಚಂದದ ಉಪಾಯ ಹೊಳೆದದ್ದಕ್ಕೆ ಇಬ್ಬರೂ ಫೋನಿನಲ್ಲಿ ನಕ್ಕಿದ್ದರು.

ಆದರೆ ಘಮ ಬರಲಿಲ್ಲ. ಅಂಗಡಿಯ ಏಲಕ್ಕಿ ಫ್ಲೇವರ್ ಹಾಕಿ ಕಳಿಸಿದ, ಸಪ್ಪೆ ಎಂದರು. ಹೆಚ್ಚು ಹಾಕಿದ; ಕಹಿ ಎಂದರು. ಬೆರೆಸಿದ್ದನ್ನು ಕತ್ತಲಲ್ಲಿ ವಾರಗಟ್ಟಲೆ ಇಟ್ಟರೆ ಉಪ್ಪಿನಕಾಯಿಯ ಹಾಗೆ ಹದಕ್ಕೆ ಬರುತ್ತದೆ ಎಂದು ಇಂಟರ್‌ನೆಟ್ಟಿನಲ್ಲಿ ಓದಿ ಹಾಗೂ ಮಾಡಿದ. ನೀರು ಹೆಚ್ಚು ಕುಡಿಯಿರಿ, ನಾಲಿಗೆಗೆ ಬಿಡುವು ಕೊಡಿ, ಒಂದೇ ರುಚಿ ಎಳೆದರೆ ನಾಲಿಗೆ ಸೋಲುತ್ತದೆ ಎಂದು ಅಲ್ಲಿ ಯಾರೋ ಬರೆದಿದ್ದನ್ನು ಅಂಕಲ್‌ಗೆ ಹೇಳಿದ. "ನನ್ನ ನಾಲಿಗೆಗೆ ಏನೂ ಆಗಿಲ್ಲ, ನಿನ್ನ ಕೈಗೇ ಏನೋ ಆಗಿದೆ," ಎಂದರು ಅವರು. ತಮಾಷೆಗೇ ಹೇಳಿದ್ದು. ಆದರೆ ಡ್ಯಾರಿಲ್ ಅಡುಗೆ ಕಲಿಯಲು ಬಂದು ಅಡುಗೆಯವನಾಗದೆ ಪಾರ್ಸೆಲ್ ಕೊಡುವ ಮೇಜಿನ ಹಿಂದೆ ಕೂತವನು, ಕೈಯ ಮಾತು ಅವನಿಗೆ ಚುಚ್ಚಿತು. ಆ ಡಿಸೆಂಬರಿನಲ್ಲಿ ಅಮ್ಮ ಮಂಗಳೂರಿನ ಬಿಜೈಯಿಂದ ಕಳಿಸಿದ ಪೊಟ್ಟಣ ಬಂತು. ಕ್ರಿಸ್ಮಸ್ಸಿನ ಕುಸ್ವಾರ್ ತಿಂಡಿ ಮಾಡಿಕೊಳ್ಳಲು ಬೇಕಾದ ಸಾಮಾನು, ಜೊತೆಗೆ ಒಂದು ಸಣ್ಣ ಕಂದು ಸೀಸೆಯಲ್ಲಿ ಏಲಕ್ಕಿ ಎಣ್ಣೆ. ಒಂದು ತೊಟ್ಟು ಸಾಕು, ಇಡೀ ಪಾತ್ರೆಯ ಹಿಟ್ಟು ಘಮಘಮ ಅನ್ನುತ್ತದೆ ಎಂದು ಅಮ್ಮ ಪ್ರತಿ ವರ್ಷ ಹೇಳುವ ಎಣ್ಣೆ. ಮುಚ್ಚಳ ತೆಗೆದರೆ ಮನೆಯೆಲ್ಲ ಹಬ್ಬವಾಯಿತು. ಇದಲ್ಲವೇ ಘಮ ಎಂದುಕೊಂಡ. ತಿನ್ನುವ ಎಣ್ಣೆ ತಾನೇ, ಮಕ್ಕಳೂ ತಿನ್ನುತ್ತಾರೆ, ಹೊಟ್ಟೆಗೆ ಹೋದರೆ ಏನೂ ಮಾಡದ್ದು ಎದೆಗೆ ಹೋದರೆ ಏನು ಮಾಡೀತು. ಒಂದು ತೊಟ್ಟು ಹಾಕಿದ, ಇನ್ನೊಂದು ಹಾಕಿದ, ಆಮೇಲೆ ಎಣಿಸುವುದನ್ನು ಬಿಟ್ಟ. ಬೆಳಗ್ಗೆ ನೋಡಿದಾಗ ಬಾಟಲಿಯ ಮೇಲ್ಭಾಗದಲ್ಲಿ, ಸಾರಿನ ಮೇಲೆ ನಿಲ್ಲುವ ಹಾಗೆ, ತೆಳ್ಳಗೆ ಹಳದಿಯ ಒಂದು ಪದರ ನಿಂತಿತ್ತು. ಅವನು ಅದನ್ನು ನೋಡಿದ. ನೋಡಿ, ಜೋರಾಗಿ ಅಲ್ಲಾಡಿಸಿದ. ಪದರ ಕರಗಿದಂತೆ ಕಂಡಿತು, ಎಂದಿನಂತೆ ಅಂಕಲ್‌ನ ಆಫೀಸಿನ ವಿಳಾಸಕ್ಕೆ ಪೋಸ್ಟಿಗೆ ಹಾಕಿದ. ಹೊಸ ವರ್ಷದ ದಿನ ಅಂಕಲ್ ಫೋನು ಮಾಡಿ, "ಈಗ ಬಂತು ನೋಡಪ್ಪ ದಾರಿಗೆ. ನಿನ್ನ ಕೈಗೆ ಚಿನ್ನದ ಬಳೆ ಹಾಕ್ಬೇಕು," ಎಂದಿದ್ದರು. ಆ ದಿನವಿಡೀ ಡ್ಯಾರಿಲ್ ಹಾಡು ಗುನುಗುತ್ತ ಓಡಾಡಿದ್ದ.

ಈಗ ಮೇಜಿನ ಹಿಂದೆ, ಯಾರೂ ಇಲ್ಲದ ಹೊತ್ತು ನೋಡಿ, ಫೋನಿನಲ್ಲಿ ಕೆಮ್ಮು, ಎಣ್ಣೆ, ವೇಪ್ ಎಂದು ಒತ್ತಿದ. ಓದಬಾರದಿತ್ತು ಎಂದು ಮೊದಲ ಸಾಲಿಗೇ ಅನ್ನಿಸಿತು. ಎಣ್ಣೆಯನ್ನು ಆವಿಯಾಗಿ ಎಳೆದುಕೊಂಡರೆ ಅದು ಹೊರಗೆ ಬರುವುದಿಲ್ಲ. ಶ್ವಾಸಕೋಶದಲ್ಲಿ ಹನಿಹನಿಯಾಗಿ ಕೂರುತ್ತದೆ. ಕ್ಷಯದ ಹಾಗೋ ನ್ಯುಮೋನಿಯಾದ ಹಾಗೋ ಕಾಣುತ್ತದೆ. ಎಳೆಯುವುದನ್ನು ಮೊದಲು ನಿಲ್ಲಿಸಬೇಕು. ಕೊನೆಯ ಮಾತನ್ನು ಅವನು ನಾಲ್ಕಾರು ಸಲ ಓದಿದ. ಅವರು ನಿಲ್ಲಿಸಿಲ್ಲ. ಬಾತ್‌ರೂಮಿನ ಫ್ಯಾನಿನ ಕೆಳಗೆ ನಿಂತು ಈಗಲೂ ಎಳೆಯುತ್ತಿರಬಹುದು. ಅದು ಅಲ್ಲಿ ಯಾವ ಡಾಕ್ಟರಿಗೂ ಗೊತ್ತಿಲ್ಲ. ಈ ಭೂಮಿಯ ಮೇಲೆ ಗೊತ್ತಿರುವವರು ಇಬ್ಬರೇ. ಒಬ್ಬರು ಹೇಳುವುದಿಲ್ಲ, ಇನ್ನೊಬ್ಬನಿಗೆ ಹೇಳಲು ಹೆದರಿಕೆ. ಹೇಳಿದರೆ ಮೊದಲ ಪ್ರಶ್ನೆಯೇ ಇದನ್ನು ಮಾಡಿದವರು ಯಾರು ಎಂಬುದು. ಆಸ್ಪತ್ರೆಯಿಂದ ಪೊಲೀಸರಿಗೆ, ಪೊಲೀಸರಿಂದ ವೀಸಾ ಆಫೀಸಿಗೆ ಸುದ್ದಿ ಹೋಗುತ್ತದೋ ಇಲ್ಲವೋ ಅವನಿಗೆ ತಿಳಿಯದು. ತಿಳಿಯದ್ದರಿಂದಲೇ ಎಲ್ಲವೂ ಹೋಗುತ್ತದೆ ಎಂದು ಕಾಣುತ್ತಿತ್ತು. ಸತ್ತೇ ಹೋದರೆ? ಆಗ ಅದಕ್ಕೆ ಇಲ್ಲಿನ ಕಾನೂನಿನಲ್ಲಿ ಏನೆನ್ನುತ್ತಾರೆ? ಎದುರಿಗೆ ಕೊರಿಯರ್‌ನವನು ಸಹಿ ಕೇಳುತ್ತ ನಿಂತಿದ್ದ. ಡ್ಯಾರಿಲ್ ನಕ್ಕು ಸಹಿ ಹಾಕಿದ. ಊರಿನವರೊಬ್ಬರು ತುಂಬ ಸೀರಿಯಸ್ ಎಂದು ಮ್ಯಾನೇಜರನಿಗೆ ಹೇಳಿ ಸಿಡ್ನಿಯ ವಿಮಾನ ಹಿಡಿಯಲು ಏರ್‌ಪೋರ್ಟಿಗೆ ಹೊರಟ. ನಿಜವನ್ನೇ ಹೇಳಿದ್ದರೂ ಸುಳ್ಳು ಹೇಳಿ ರಜೆ ತೆಗೆದುಕೊಂಡಂತೆ ಅನ್ನಿಸಿತು.

ಏರ್‌ಪೋರ್ಟಿನಲ್ಲಿ ಬಾಟಲಿಯನ್ನು ಕಸದ ಬುಟ್ಟಿಗೆ ಹಾಕಬೇಕೆಂದು ಬುಟ್ಟಿಯ ಹತ್ತಿರದ ತನಕ ಹೋದ. ಡಾಕ್ಟರಿಗೆ ತೋರಿಸಲು ಬೇಕಾಗುತ್ತದೆ ಎಂದು ಹಿಂದೆ ಬಂದ. ಹಾಗೆಂದು ಹೇಳಿಕೊಂಡ. ಆದರೆ ಒಳಗೆ ಎಲ್ಲೋ, ಅಂಕಲ್ ಕೈ ಚಾಚಿದಾಗ ಬರಿಗೈಯಲ್ಲಿ ನಿಲ್ಲಬೇಕಾಗುತ್ತದಲ್ಲ ಎಂಬ ಅಳುಕೂ ಇತ್ತು. ಇಂಥ ಹೊತ್ತಿನಲ್ಲೂ ಆ ಅಳುಕು ಇದೆಯೆಂಬುದು ಅವನಿಗೆ ಅಸಹ್ಯವಾಯಿತು. ಚೆಕಿಂಗ್ ಸಾಲಿನಲ್ಲಿ ಬಾಟಲಿ ಟ್ರೇಯಲ್ಲಿ ಕೀ ಗೊಂಚಲಿನ ಪಕ್ಕ ಮಲಗಿ ಯಂತ್ರದೊಳಗೆ ಹೋಗುವಾಗ ಅವನು ಬೂಟಿನ ಲೇಸು ಕಟ್ಟುವವನಂತೆ ಬಗ್ಗಿದ. ಯಂತ್ರದ ಹಿಂದಿನ ಹೆಂಗಸು ಪರದೆ ನೋಡಿ ಆಕಳಿಸಿದಳು, ಅಷ್ಟೇ. ವಿಮಾನದಲ್ಲಿ ಪಕ್ಕದವನೊಬ್ಬ ಕೆಮ್ಮಿದಾಗ ಡ್ಯಾರಿಲ್ ಸೀಟಿನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡ. ಜಪಮಾಲೆಯ ಪ್ರಾರ್ಥನೆ ಹೇಳಲು ಶುರು ಮಾಡಿ ಮಧ್ಯದಲ್ಲೇ ತಪ್ಪಿದ. ದೇವರೇ, ಅದು ಟಿಬಿಯೇ ಆಗಿರಲಿ ಎಂದು ಬೇಡಿಕೊಂಡ. ಬೇಡಿಕೊಂಡ ಮೇಲೆ ತಾನು ಏನು ಬೇಡಿಕೊಂಡೆ ಎಂದು ತಿಳಿದು, ಕಿಟಕಿಯ ಕಡೆ ತಿರುಗಿ ಮೋಡ ನೋಡುತ್ತ ಕೂತ.

ವೆಸ್ಟ್‌ಮೀಡಿನ ಆಸ್ಪತ್ರೆಯ ಮಹಡಿಯಲ್ಲಿ ಕೊನೆಯ ಕೋಣೆ. ಬಾಗಿಲ ಮೇಲೆ ಹಳದಿ ಕಾಗದ, ಹೊರಗೆ ಮಾಸ್ಕಿನ ಡಬ್ಬಿ. ಕಾರಿಡಾರಿನ ಕುರ್ಚಿಯಲ್ಲಿ ಆಂಟಿ ಇರಲಿಲ್ಲ. ಅಮ್ಮ ಊಟ ತರಲು ಮನೆಗೆ ಹೋಗಿದ್ದಾಳೆ ಎಂದು ಅಲ್ಲಿ ಕೂತಿದ್ದ ನಿವೇದಿತಾ ಇಂಗ್ಲಿಷಿನಲ್ಲಿ ಹೇಳಿದಳು. ಶಾಲೆಗೆ ತಿಳಿಸಬೇಕಂತೆ, ತನಗೂ ಟೆಸ್ಟ್ ಮಾಡಬೇಕಂತೆ, ಗೆಳತಿಯರ ತಾಯಂದಿರೆಲ್ಲ ಫೋನು ಮಾಡುತ್ತಿದ್ದಾರಂತೆ. "ಇಟ್ಸ್ ಸೋ ಎಂಬ್ಯಾರಸಿಂಗ್," ಎಂದು ಮತ್ತೆ ಫೋನಿಗೆ ಬಗ್ಗಿದಳು. ಬಗ್ಗಿದ ಆ ತಲೆಯ ಬೈತಲೆಯ ಮೇಲೆ ಡ್ಯಾರಿಲ್‌ನ ಕಣ್ಣು ನಿಂತಿತು. ಆಣೆ, ಭಾಷೆ, ಶಾಪ ಇವನ್ನೆಲ್ಲ ನಂಬಬಾರದೆಂದು ಭಾನುವಾರದ ಪಾಠದಲ್ಲಿ ಕಲಿತವನು ಅವನು. ಆದರೂ ಈ ಹುಡುಗಿ ಹುಷಾರಾಗಿ ಮನೆಗೆ ಹೋಗಲಿ ಎಂದು ಮನಸ್ಸಿನಲ್ಲೇ ಶಿಲುಬೆಯ ಗುರುತು ಹಾಕಿಕೊಂಡ.

ಒಳಗೆ ಮೂರ್ತಿ ಅಂಕಲ್ ದಿಂಬಿಗೆ ಒರಗಿ ಕೂತಿದ್ದರು. ಮೂಗಿಗೆ ಆಮ್ಲಜನಕದ ನಳಿಕೆ. ಹೊಟ್ಟೆ ಇಳಿದು ಬೇರೆ ಯಾರದೋ ಮೈಯಲ್ಲಿ ಅವರ ಮುಖ ಇಟ್ಟಂತೆ ಕಾಣುತ್ತಿತ್ತು. ಇವನನ್ನು ನೋಡಿ ಕಣ್ಣು ಅರಳಿತು, ಮಾತಿಗೆ ಮೊದಲು ಕೈ ಚಾಚಿದರು.

"ಅಂಕಲ್, ಒಂದು ಮಾತು ಹೇಳ್ಲಿಕ್ಕುಂಟು," ಎಂದ ಡ್ಯಾರಿಲ್. ಮಾಸ್ಕಿನೊಳಗೆ ತನ್ನ ದನಿ ತನಗೇ ಕೇಳಿಸಲಿಲ್ಲ. "ಇದು ಟಿಬಿ ಅಲ್ಲ. ನಾನು ಹಾಕಿದ ಎಣ್ಣೆ. ಅದು ಎದೆಯಲ್ಲಿ ನಿಂತಿದೆ. ಡಾಕ್ಟರಿಗೆ ಹೇಳ್ಬೇಕು ಅಂಕಲ್, ಮತ್ತೆ ನೀವು ಎಳಿಲೇಬಾರ್ದು."

ಅವರು ಬಹಳ ಹೊತ್ತು ಉಸಿರು ಕೂಡಿಸಿಕೊಂಡರು. "ಯಾರು ಹೇಳಿದ್ದು, ಗೂಗಲ್ಲಾ?"

"ಹೌದು."

"ಗೂಗಲ್ ಡಾಕ್ಟ್ರು." ಅವರು ನಕ್ಕರು, ಕೆಮ್ಮಿದರು, ಕಣ್ಣಲ್ಲಿ ನೀರು ಬಂತು. "ಕೇಳಪ್ಪ. ಟಿಬಿ ಆದ್ರೆ ಮಾತ್ರೆ ಕೊಡ್ತಾರೆ, ತಿಂಗಳಾನುಗಟ್ಲೆ ನುಂಗಿದ್ರೆ ಮುಗೀತು, ನನ್ನ ತಪ್ಪೇನೂ ಇರಲ್ಲ. ಇದಾದ್ರೆ ನನ್ನ ಹೆಂಡ್ತಿ ಮುಖ ಹ್ಯಾಗೆ ನೋಡ್ಲಿ? ಮಗಳ ತಲೆ ಮೇಲೆ ಕೈ ಇಟ್ಟೋನು ನಾನು. ಅವಳೇ ಕೇಳ್ತಾಳೆ, ಆವತ್ತು ಕೈ ಇಟ್ಟಿದ್ದು ಯಾರ ತಲೆ ಮೇಲೆ ಅಂತ." ಆಮೇಲೆ ಇನ್ನೂ ಮೆಲ್ಲಗೆ, "ನಿನ್ನ ಪಿಆರ್ ಬೇರೆ ಬಾಕಿ ಇದೆ. ಅದನ್ನೂ ಯೋಚ್ನೆ ಮಾಡು," ಎಂದರು.

ಅದು ಕಾಳಜಿಯೋ ಬೆದರಿಕೆಯೋ ಡ್ಯಾರಿಲ್‌ಗೆ ತಿಳಿಯಲಿಲ್ಲ. ಎರಡೂ ಇರಬಹುದು. ಅವರ ಕೈ ಇನ್ನೂ ಚಾಚಿಯೇ ಇತ್ತು, ಸೂಜಿ ಚುಚ್ಚಿದ ಜಾಗಕ್ಕೆ ಅಂಟಿಸಿದ್ದ ಪಟ್ಟಿ ಸಡಿಲಾಗಿ ತೂಗುತ್ತಿತ್ತು. ಸ್ಟೇಶನ್ನಿನ ಹೊರಗೆ ಸೂಟ್‌ಕೇಸನ್ನು ತಾನೇ ಎತ್ತಿಕೊಂಡು ಮುಂದೆ ನಡೆದ ಕೈ ಅದು. ಡ್ಯಾರಿಲ್ ಬಾಟಲಿಯನ್ನು ತೆಗೆದು ಆ ಕೈಯಲ್ಲಿ ಇಟ್ಟ. ಇಟ್ಟದ್ದು ತಾನಲ್ಲ, ತನ್ನ ಜಾಕೆಟ್ಟಿನ ತೋಳು ಎಂಬಂತೆ ನೋಡುತ್ತ ನಿಂತ. ಅಂಕಲ್ ಅದನ್ನು ದಿಂಬಿನ ಕೆಳಗೆ ಸರಿಸಿ, "ಒಳ್ಳೇ ಹುಡುಗ," ಎಂದರು. ಅವನು ಬಾಗಿಲು ಎಳೆದುಕೊಂಡು ಹೊರಗೆ ಬಂದು ಮಾಸ್ಕು ಬಿಚ್ಚಿದಾಗ ಒಳಗಡೆ ಬಾತ್‌ರೂಮಿನ ಚಿಲಕ ಬಿದ್ದ ಸದ್ದು, ಆಮೇಲೆ ಫ್ಯಾನಿನ ಸದ್ದು ಕೇಳಿಸಿತು.

ಕಾರಿಡಾರಿನಲ್ಲಿ ಅನಸೂಯಾ ಆಂಟಿ ಬಂದಿದ್ದರು. ಕಳೆದ ಸಲ ನೋಡಿದ್ದಕ್ಕಿಂತ ಕುಗ್ಗಿದ್ದರು. ಇವನನ್ನು ನೋಡಿ ಎದ್ದು ನಿಂತರು, ಹಾಗೆ ಅವನಿಗಾಗಿ ಅವರು ಎಂದೂ ಎದ್ದವರಲ್ಲ. "ಅಷ್ಟು ದೂರದಿಂದ ಬಂದ್ಯಲ್ಲಪ್ಪ. ನಮ್ಮೋರು ಅನ್ನಿಸಿಕೊಂಡೋರೆಲ್ಲ ಫೋನಲ್ಲೇ ವಿಚಾರಿಸಿ ಸುಮ್ನಾದ್ರು, ಟಿಬಿ ಅಂದಕೂಡ್ಲೆ." ಡಬ್ಬಿ ಬಿಚ್ಚಿ, ಮುಚ್ಚಳದಲ್ಲೇ ಎರಡು ಚಪಾತಿ, ಪಲ್ಯ ಹಾಕಿ ಅವನ ಕೈಗೆ ಕೊಟ್ಟರು. ಗಂಡನ ಡಬ್ಬಿಯ ಮುಚ್ಚಳ ಅದು. "ತಿನ್ನು. ಮುಖ ನೋಡು ಹೆಂಗಾಗಿದೆ. ಡ್ಯಾರಿಲ್, ಒಂದು ಮಾತು ನಿನಗೆ ಹೇಳ್ಬೇಕು ಅಂತಿದ್ದೆ. ಅವರು ಸಿಗರೇಟ್ ಬಿಟ್ಟಿದ್ದು ನಿನ್ನಿಂದ್ಲೇ ಅಂತ ನನಗೆ ಗೊತ್ತು. ನಿನ್ನ ಹತ್ರ ಫೋನಲ್ಲಿ ಮಾತಾಡೋಕೆ ಶುರು ಮಾಡಿದ್ಮೇಲೇ ಬಿಟ್ಟಿದ್ದು. ಅದಿಲ್ದೇ ಇದ್ದಿದ್ರೆ ಈ ಕಾಯಿಲೆ ಜೊತೆಗೆ ಆ ಹೊಗೆನೂ ಸೇರಿ ಏನ್ ಗತಿ ಆಗ್ತಿತ್ತೋ." ಅವನು ಚಪಾತಿಯ ತುಣುಕನ್ನು ಬಾಯಿಗಿಟ್ಟುಕೊಂಡ. ಅದು ನುಂಗಲೂ ಆಗದೆ ಉಗುಳಲೂ ಆಗದೆ ಬಾಯಲ್ಲೇ ಉಳಿಯಿತು. ಈಗ ಹೇಳಬೇಕು, ಈಗಲೇ, ಈ ತುತ್ತು ನುಂಗಿದ ಕೂಡಲೇ ಎಂದುಕೊಂಡ. ಇನ್ನೊಂದು ತುತ್ತು ತಿಂದ. ಆಂಟಿ ತಮ್ಮ ಪಾಡಿಗೆ ಮಾತಾಡುತ್ತಲೇ ಇದ್ದರು. ರಾತ್ರಿ ನಿದ್ದೆಯಲ್ಲಿ ಅವರು ಉಸಿರಾಡುವುದನ್ನು ಎಣಿಸುತ್ತೇನೆ ಎಂದರು. ಏಲಕ್ಕಿ ಜಗಿಯುವುದು ಮಾತ್ರ ಜಾಸ್ತಿಯಾಗಿದೆ, ಹೋಗಲಿ ಅದೊಂದು ಚಟ ಇರಲಿ ಎಂದರು.

ಒಳಗಿನ ಯಂತ್ರ ಕೂಗಿದ್ದು ಆಗಲೇ. ಒಬ್ಬ ನರ್ಸ್ ಮಾಸ್ಕು ಕಟ್ಟಿಕೊಳ್ಳುತ್ತ ಓಡಿ ಒಳಗೆ ಹೋದಳು, ಹಿಂದೆಯೇ ಇನ್ನೊಬ್ಬಳು. ಬಾಗಿಲು ತೆರೆದು ಮುಚ್ಚುವ ಸಂದಿಯಲ್ಲಿ ಅಂಕಲ್‌ನನ್ನು ಬಾತ್‌ರೂಮಿನ ಬಾಗಿಲಿಂದ ಹಿಡಿದು ತರುತ್ತಿದ್ದದ್ದು ಕಂಡಿತು. ಕಾಲುಗಳು ನೆಲದ ಮೇಲೆ ತೆವಳುತ್ತಿದ್ದವು. ಡಬ್ಬಿ ಆಂಟಿಯ ಮಡಿಲಿನಿಂದ ಉರುಳಿ ಪಲ್ಯ ನೆಲದ ಮೇಲೆ ಚೆಲ್ಲಿತು. ನಿವೇದಿತಾ ಫೋನು ಕೆಳಗಿಟ್ಟು, "ಅಮ್ಮಾ," ಎಂದಳು. ಡ್ಯಾರಿಲ್ ಗೋಡೆಗೆ ಒತ್ತಿ ನಿಂತ. ಓಡಿಹೋಗಬೇಕೆಂದು ಕಾಲು ಹೇಳುತ್ತಿತ್ತು. ಲಿಫ್ಟು ಹತ್ತಿರದಲ್ಲೇ ಇತ್ತು, ಸ್ಟೇಶನ್ನು ಆಸ್ಪತ್ರೆಯ ಬೆನ್ನಿಗೇ ಇತ್ತು, ಯಾರೂ ಅವನನ್ನು ಹಿಡಿದಿಟ್ಟಿರಲಿಲ್ಲ. ಬಹಳ ಹೊತ್ತಾಯಿತೋ ಸ್ವಲ್ಪವೇ ಆಯಿತೋ, ಎತ್ತರದ ಯುವ ಡಾಕ್ಟರ್ ಒಬ್ಬಳು ಹೊರಗೆ ಬಂದು ಅವರ ಮುಂದೆ ಮೊಣಕಾಲೂರಿ ಕೂತಳು. ಆಮ್ಲಜನಕ ಸಾಲುತ್ತಿಲ್ಲ, ಐಸಿಯುಗೆ ಸಾಗಿಸುತ್ತೇವೆ ಎಂದಳು. ಕಫದಲ್ಲಿ ಕ್ಷಯದ ಕುರುಹು ಸಿಗಲಿಲ್ಲ, ಬೇರೆ ಏನೋ ಇದೆ, ಅದು ಏನೆಂದು ತಿಳಿಯುತ್ತಿಲ್ಲ ಎಂದಳು. ಮನೆಯಲ್ಲಿ ಪಾರಿವಾಳ, ಗಿಳಿ ಸಾಕಿದ್ದೀರಾ? ಗೋಡೆಗೆ ಬೂಸ್ಟು ಹಿಡಿದಿದೆಯೇ? ಆಫೀಸಿನಲ್ಲಿ ಯಾವುದಾದರೂ ರಾಸಾಯನಿಕ? ಸಿಗರೇಟು? ಆಂಟಿ ಒಂದೊಂದಕ್ಕೂ ಇಂಗ್ಲಿಷಿನಲ್ಲಿ ಇಲ್ಲ ಎನ್ನುತ್ತಿದ್ದರು. ಸಿಗರೇಟು ಎಂದಾಗ ಸ್ವಲ್ಪ ಹೆಮ್ಮೆಯಿಂದಲೇ, ಅವರು ಬಿಟ್ಟು ಬಹಳ ದಿನವಾಯಿತು ಎಂದರು.

"ಅವರು ವೇಪ್ ಮಾಡ್ತಾರೆ," ಎಂದು ಡ್ಯಾರಿಲ್ ಇಂಗ್ಲಿಷಿನಲ್ಲಿ ಹೇಳಿದ.

ಹೇಳಿದ ಮೇಲೆ ತಾನೇ ಹೇಳಿದ್ದೆಂದು ತಿಳಿಯಿತು. ಆಂಟಿ ತಿರುಗಿ ನೋಡಲಿಲ್ಲ. ಅವರ ಕತ್ತಿನ ನರ ಮಾತ್ರ ಒಮ್ಮೆ ಎದ್ದು ಕೂತಿತು. ಡಾಕ್ಟರ್ ಎದ್ದು ನಿಂತಳು. ಅವಳ ಪ್ರಶ್ನೆಗಳು ಬೇಗ ಬೇಗ ಬಂದವು. ಎಷ್ಟು ಕಾಲದಿಂದ? ಈಗಲೂ? ಇಲ್ಲಿಯೂ? ಡ್ಯಾರಿಲ್ ದಿಂಬಿನ ಕೆಳಗೆ ಬಾಟಲಿ ಇದೆ ಎಂದ, ಅದರಲ್ಲಿ ಏಲಕ್ಕಿ ಎಣ್ಣೆ ಇದೆ ಎಂದ, ಶುದ್ಧ ಎಣ್ಣೆ, ತಿಂಡಿಗೆ ಹಾಕುವಂಥದ್ದು. ಎಣ್ಣೆ ಎಂದ ಕೂಡಲೇ ಅವಳ ಮುಖ ಬದಲಾಯಿತು. ಒಳಗಿದ್ದ ನರ್ಸಿಗೆ ಕೂಗಿ ಏನೋ ಹೇಳಿದಳು. ಎದೆಯ ಮೇಲಿನ ಭಾರ ಇಳಿದೇ ಹೋಯಿತು ಎಂದು ಅವನಿಗೆ ಅನ್ನಿಸಿತು. ಹೇಳಿ ಆಯಿತು, ಇನ್ನು ಅವರು ಬದುಕುತ್ತಾರೆ, ಇನ್ನು ತಾನು ಹೋಗಬಹುದು. ಆಗ ಅವಳು ಮತ್ತೆ ಇವನತ್ತ ತಿರುಗಿ, ಇದನ್ನು ಎಲ್ಲಿ ಕೊಂಡರು, ಬೇರೆ ಏನೇನು ಹಾಕಿದೆ, ಎಷ್ಟು ಹಾಕಿದೆ, ಮಾಡಿದವರು ಯಾರು, ಅವರ ಜೊತೆ ನಾನು ಈಗಲೇ ಮಾತಾಡಬೇಕು ಎಂದಳು.

"ಅವರೇ ಮನೆಯಲ್ಲಿ ಮಾಡಿಕೊಳ್ತಾರೆ," ಎಂದ ಡ್ಯಾರಿಲ್. ನಕ್ಕಿದ್ದ ಕೂಡ. ಆ ನಗು ಮುಖದ ಮೇಲೆ ಬಂದು ಕೂತಿದ್ದು ಅವನಿಗೆ ಗೊತ್ತಾಗುತ್ತಿತ್ತು, ತೆಗೆಯಲು ಆಗುತ್ತಿರಲಿಲ್ಲ.

ಅನಸೂಯಾ ಆಂಟಿ ಆಗ ಅವನ ಕಡೆ ತಿರುಗಿದರು. ಕಣ್ಣಲ್ಲಿ ನೀರಿರಲಿಲ್ಲ. ಸಿಟ್ಟೂ ಇದ್ದಂತೆ ಕಾಣಲಿಲ್ಲ. ಬಾಲ್ಕನಿಯ ಕೋಣೆಯ ಹುಡುಗನನ್ನು ಮೊದಲ ಸಲ ನೋಡುತ್ತಿರುವ ಹಾಗೆ ಅವನ ಮುಖವನ್ನು ಪೂರ್ತಿ ನೋಡಿದರು.

"ನಮ್ಮನೆಯವ್ರಿಗೆ ಒಂದ್ ಲೋಟ ಕಾಫಿ ಬೆರೆಸ್ಕೊಳ್ಳೋಕೂ ಬರಲ್ಲ, ಡ್ಯಾರಿಲ್," ಎಂದರು.

ಮೆಲ್ಲಗೆ ಹೇಳಿದರು, ಕನ್ನಡದಲ್ಲಿ ಹೇಳಿದರು. ಮಗಳ ಶಾಲೆಯ ಟೀಚರುಗಳ ಜೊತೆ, ಬ್ಯಾಂಕಿನವರ ಜೊತೆ, ಈಗ ತಾನೇ ಇದೇ ಡಾಕ್ಟರ ಜೊತೆ ಸಲೀಸಾಗಿ ಇಂಗ್ಲಿಷ್ ಆಡಿದವರು ಅವರು. ಇದನ್ನೂ ಇಂಗ್ಲಿಷಿನಲ್ಲೇ ಹೇಳಬಹುದಿತ್ತು. ಹೇಳಲಿಲ್ಲ. ಆಮೇಲೆ ಬಗ್ಗಿ, ನೆಲದ ಮೇಲೆ ಚೆಲ್ಲಿದ್ದ ಪಲ್ಯವನ್ನು ಕೈಯಿಂದಲೇ ಬಳಿದು ಡಬ್ಬಿಗೆ ಹಾಕತೊಡಗಿದರು. ನಿವೇದಿತಾ ತಾಯಿಯನ್ನೂ ಇವನನ್ನೂ ನೋಡಿದಳು. ಅವಳಿಗೆ ಅರ್ಥವಾಗಿತ್ತು, ಅವಳೂ ಬಾಯಿ ಬಿಡಲಿಲ್ಲ.

"ಏನು ಹೇಳಿದರು ಅವರು?" ಡಾಕ್ಟರ್ ಡ್ಯಾರಿಲ್‌ನನ್ನು ಕೇಳಿದಳು.

ಏನೂ ಇ‍ಲ್ಲ ಎನ್ನಬಹುದಿತ್ತು. ಗಾಬರಿಯಾಗಿದ್ದಾರೆ ಎನ್ನಬಹುದಿತ್ತು. ಅವನ ಮನಸ್ಸಿನಲ್ಲಿ ಅಂಥ ಐದಾರು ಮಾತು ಒಂದರ ಹಿಂದೆ ಒಂದು ಬಂದು, ತಮ್ಮನ್ನೇ ಆರಿಸಿಕೋ ಎಂದು ಸಾಲಾಗಿ ನಿಂತವು. ರೋಶೆಲ್ ಈ ಹೊತ್ತಿಗೆ ಕೆಲಸದಲ್ಲಿರುತ್ತಾಳೆ, ಇಲ್ಲಿ ನಡೆಯುತ್ತಿರುವುದು ಅವಳಿಗೆ ಗೊತ್ತಿಲ್ಲ, ಅವಳ ಪಿಆರ್ ಕೂಡ ಅವನ ಅರ್ಜಿಯಲ್ಲೇ ಇದೆ. ಒಳಗಿನಿಂದ ಮಂಚದ ಗಾಲಿಗಳ ಬೀಗ ತೆಗೆದ ಸದ್ದು ಬಂತು. ಡ್ಯಾರಿಲ್‌ಗೆ ಎಷ್ಟು ಹೆದರಿಕೆಯಾಗಿತ್ತೆಂದರೆ ನಿಂತಲ್ಲೇ ಒದ್ದೆಯಾಗಿಬಿಡುತ್ತೇನೇನೋ ಎಂದು ತೊಡೆಗಳನ್ನು ಬಿಗಿಹಿಡಿದುಕೊಂಡ.

"ಅವರ ಗಂಡನಿಗೆ ಕಾಫಿ ಮಾಡಿಕೊಳ್ಳಲೂ ಬರುವುದಿಲ್ಲವಂತೆ," ಎಂದ. ಆಮೇಲೆ ಡಾಕ್ಟರ್ ಇನ್ನೊಂದು ಪ್ರಶ್ನೆ ಕೇಳುವ ಮೊದಲೇ, "ಮಾಡಿದ್ದು ನಾನು. ಮೇಲೆ ಎಣ್ಣೆ ನಿಂತದ್ದು ನೋಡಿಯೂ ಕಳಿಸಿದೆ," ಎಂದ.

ಮಂಚ ಹೊರಗೆ ಬಂತು. ಮುಖಕ್ಕೆ ಕಟ್ಟಿದ್ದ ದೊಡ್ಡ ಮಾಸ್ಕಿನ ಮೇಲಿನಿಂದ ಮೂರ್ತಿ ಅಂಕಲ್ ಇವನನ್ನು ನೋಡಿದರು. ಕಣ್ಣಿನಲ್ಲೇ, ಬೇಡ, ಬೇಡ ಎನ್ನುತ್ತಿದ್ದರು. ಆಂಟಿ ಕೈಯನ್ನು ಸೆರಗಿಗೆ ಒರೆಸಿಕೊಂಡು ಮಂಚದ ಪಕ್ಕದಲ್ಲಿ ನಡೆದರು, ನಿವೇದಿತಾ ಇನ್ನೊಂದು ಪಕ್ಕ. ಲಿಫ್ಟಿನ ಬಾಗಿಲು ಅವರೆಲ್ಲರನ್ನೂ ಒಳಗೆ ತೆಗೆದುಕೊಂಡು ಮುಚ್ಚಿತು. ಡಾಕ್ಟರ್ ಮಾತ್ರ ನಿಂತಳು. ಜೇಬಿನಿಂದ ಪೆನ್ನು ತೆಗೆದು, ಎಣ್ಣೆ ಎಷ್ಟು, ನಿಕೋಟಿನ್ ಎಷ್ಟು ಎಂದು ಕೇಳಿ ಬರೆದುಕೊಂಡಳು. ಐಸಿಯುನವರು ನಿಮಗೆ ಫೋನು ಮಾಡಬೇಕಾಗಬಹುದು ಎಂದಳು. ನಿಮ್ಮ ಪೂರ್ತಿ ಹೆಸರು ಹೇಳಿ ಎಂದಳು.

ಮಸ್ಕರೇನ್ಹಸ್ ಎಂಬ ಅವನ ಮನೆತನದ ಹೆಸರು ಉದ್ದದ್ದು, ಈ ದೇಶದಲ್ಲಿ ಯಾರೂ ಅದನ್ನು ಒಂದೇ ಸಲಕ್ಕೆ ಸರಿಯಾಗಿ ಬರೆದದ್ದಿಲ್ಲ. ಅವಳೂ ತಪ್ಪಾಗಿ ಬರೆದಳು. ಹಾಗೇ ಬಿಟ್ಟುಬಿಡಬಹುದಿತ್ತು. ಡ್ಯಾರಿಲ್ ಕಾಗದ ನೋಡಿ, ಅಲ್ಲ, ಹಾಗಲ್ಲ ಎಂದ. ಮೊದಲಿನಿಂದ ಒಂದೊಂದೇ ಅಕ್ಷರವಾಗಿ ಹೇಳತೊಡಗಿದ.